ಹಾಲಿನ ಹಾದಿ

ಜಯನಗರದ ಬೀದಿಗಳಲ್ಲಿ ನಸುಗತ್ತಲೆ ಇನ್ನೂ ಹರಿದಿರುವುದಿಲ್ಲ. ಆಗಲೇ ಹಾಲಿನ ಮಳಿಗೆಯ ಮುಂದೆ ಪೊಟ್ಟಣಗಳು ತುಂಬಿದ ಬುಟ್ಟಿಗಳು ಬಂದಿಳಿದಿರುತ್ತವೆ. ಮನೆಯವರು ಹಾಲನ್ನು ಕೊಂಡು ತಂದು ಒಲೆಯ ಮೇಲಿಡುತ್ತಾರೆ. ಹಾಲು ಚೆನ್ನಾಗಿ ಉಕ್ಕಿದರೆ ಅದರ ಕಡೆಗೆ ಯಾರ ಗಮನವೂ ಹರಿಯದು; ಒಡೆದರೆ ಮಾತ್ರ ಎಲ್ಲರೂ ಕಾರಣವನ್ನು ಹುಡುಕತೊಡಗುತ್ತಾರೆ. ಆದರೆ ಒಡೆಯದ ಹಾಲಿನ ಹಿಂದೆಯೂ ಕಾರಣವಿದೆ. ಅದು ಯಾವುದೆಂಬುದನ್ನು ವಿಚಾರ ಮಾಡೋಣ.

ಹಸು ಇರುವುದು ಹಳ್ಳಿಯಲ್ಲಿ. ಹಾಲನ್ನು ಕೊಳ್ಳುವವರು ನಗರದಲ್ಲಿ. ಇವೆರಡರ ನಡುವಣ ಅಂತರವನ್ನು ಮೈಲಿಗಳಿಂದ ಮಾತ್ರವಲ್ಲದೆ ತಾಸುಗಳಿಂದಲೂ ಅಳೆಯಬೇಕು. ಆಗತಾನೆ ಕರೆದ ಹಾಲು ಬೆಚ್ಚಗಿರುತ್ತದೆ. ಅದರಲ್ಲಿ ಸೂಕ್ಷ್ಮಜೀವಿಗಳು ಶೀಘ್ರವಾಗಿ ವೃದ್ಧಿಸಿ, ಕೆಲವೇ ತಾಸುಗಳಲ್ಲಿ ಹಾಲನ್ನು ಹುಳಿಯಾಗಿಸುತ್ತವೆ. ಆದುದರಿಂದ ಹಾಲಿನ ವ್ಯಾಪಾರವೆಂದರೆ ಕಾಲದೊಡನೆ ನಡೆಸುವ ಪಂದ್ಯವೇ ಸರಿ.

ಮಾಗಡಿ, ಕನಕಪುರ, ಆನೇಕಲ್ಲುಗಳ ಕಡೆಯ ಹಳ್ಳಿಗಳಲ್ಲಿ ರೈತ ಮಹಿಳೆಯರು ಬೆಳಗ್ಗೆ ಮತ್ತು ಸಂಜೆ ಹಾಲನ್ನು ತಂದು ಸಹಕಾರ ಸಂಘಕ್ಕೆ ಅಳೆಯುತ್ತಾರೆ. ಅಲ್ಲಿ ಹಾಲಿನ ಜಿಡ್ಡಿನ ಅಂಶವನ್ನೂ ಇತರ ಘನಾಂಶವನ್ನೂ ಪರೀಕ್ಷಿಸಿ, ಗುಣಕ್ಕೆ ತಕ್ಕ ಬೆಲೆಯನ್ನು ಗೊತ್ತುಮಾಡುವರು. ನೀರು ಬೆರೆಸಿದವನಿಗೂ ಶುದ್ಧ ಹಾಲು ತಂದವನಿಗೂ ಒಂದೇ ಬೆಲೆ ದೊರೆಯುವುದಾದರೆ ಪ್ರಾಮಾಣಿಕತೆ ಎಷ್ಟು ದಿನ ಉಳಿದೀತು? ಅನಂತರ ಹಾಲನ್ನು ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗೆ ತಂಪುಗೊಳಿಸಿ, ಟ್ಯಾಂಕರುಗಳಲ್ಲಿ ಡೈರಿಗೆ ಸಾಗಿಸುತ್ತಾರೆ. ಡೈರಿಯಲ್ಲಿ ಅದನ್ನು 72 ಡಿಗ್ರಿಗೆ ಕಾಯಿಸಿ, 15 ಸೆಕೆಂಡುಗಳ ಕಾಲ ಆ ಶಾಖದಲ್ಲಿಟ್ಟು, ಕೂಡಲೇ ಮತ್ತೆ ತಣಿಸುತ್ತಾರೆ. ಇದೇ ಪಾಶ್ಚರೀಕರಣ. ಮಳಿಗೆಯವರು ಮುಂಚಿತವಾಗಿ ತಿಳಿಸಿದ ಬೇಡಿಕೆಯಂತೆ ಪೊಟ್ಟಣಗಳು ರಾತ್ರಿಯೇ ವಾಹನಗಳನ್ನೇರುತ್ತವೆ.

ಹೀಗೆ ಉತ್ಪಾದಕನಿಂದ ಬಳಕೆದಾರನವರೆಗೆ ಸರಕು, ಹಣ ಮತ್ತು ಸುದ್ದಿ ಹರಿಯುವ ಏರ್ಪಾಟಿಗೆ ಪೂರೈಕೆ ಸರಪಳಿ ಎಂದು ಹೆಸರು. ಸರಕು ಹಳ್ಳಿಯಿಂದ ನಗರಕ್ಕೆ ಹರಿದರೆ, ಹಣವೂ ಬೇಡಿಕೆಯ ಸುದ್ದಿಯೂ ನಗರದಿಂದ ಹಳ್ಳಿಯ ಕಡೆಗೆ ಹರಿಯುತ್ತವೆ. ಸರಪಳಿಯ ಬಲವು ಅದರ ಅತಿ ದುರ್ಬಲವಾದ ಕೊಂಡಿಯ ಬಲವನ್ನು ಮೀರಲಾರದು. ಟ್ಯಾಂಕರೊಂದು ತಡವಾದರೆ ಡೈರಿಯ ಉತ್ತಮ ಯಂತ್ರಗಳೂ ನಿಷ್ಪ್ರಯೋಜಕ. ಬೇಡಿಕೆಗಿಂತ ಹೆಚ್ಚು ಹಾಲು ಕಳುಹಿಸಿದರೆ ನಷ್ಟ; ಕಡಿಮೆ ಕಳುಹಿಸಿದರೆ ಗಿರಾಕಿ ದೂರವಾಗುತ್ತಾನೆ.

ಬೆಂಗಳೂರಿನ ಡೈರಿ 1965ರಲ್ಲಿ ಆರಂಭವಾಯಿತು. ಅದರಿಂದಲೇ ಜಯನಗರಕ್ಕೂ ಬಿ.ಟಿ.ಎಂ. ಬಡಾವಣೆಗೂ ಸಮೀಪದಲ್ಲಿರುವ ಡೈರಿ ವೃತ್ತಕ್ಕೆ ಆ ಹೆಸರು ಬಂದಿತು. ಗುಜರಾತಿನ ಆನಂದ್ ಮಾದರಿಯಲ್ಲಿ ಹಳ್ಳಿಯ ಸಂಘ, ಅದರ ಮೇಲೆ ಜಿಲ್ಲೆಗಳ ಒಕ್ಕೂಟ, ಅದರ ಮೇಲೆ ರಾಜ್ಯದ ಮಹಾಮಂಡಳಿ ಎಂಬ ಮೂರು ಹಂತದ ವ್ಯವಸ್ಥೆ ಕರ್ನಾಟಕದಲ್ಲಿಯೂ ಬೆಳೆಯಿತು. ‘ನಂದಿನಿ’ ಅದರ ಹಾಲಿನ ಹೆಸರು.

ಈ ಸರಪಳಿಗೆ ಕಠಿಣ ಪರೀಕ್ಷೆಯೊಂದು 2020ರ ಮಾರ್ಚ್ ತಿಂಗಳಲ್ಲಿ ಒದಗಿತು. ಕೊರೋನಾ ವ್ಯಾಧಿಯ ಕಾರಣ ದೇಶದಲ್ಲೆಲ್ಲ ಸಂಚಾರಕ್ಕೆ ನಿರ್ಬಂಧ ಬಿತ್ತು. ಹೋಟೆಲುಗಳೂ ಕಲ್ಯಾಣ ಮಂಟಪಗಳೂ ಮುಚ್ಚಿದವು, ಬೇಡಿಕೆ ಕುಗ್ಗಿತು. ಆದರೆ ಹಸುವಿಗೆ ರಜೆಯುಂಟೆ? ಹಾಲನ್ನು ಕೊಳ್ಳದೆ ಬಿಟ್ಟರೆ ರೈತನ ಮನೆಯ ಒಲೆ ಆರುತ್ತದೆ. ಕೊಂಡರೆ ಮಾರುವ ಬಗೆ ಕಾಣದು. ಆಗ ಮಿಕ್ಕ ಹಾಲು ಪುಡಿಯಾಯಿತು. ಸರ್ಕಾರವು ಒಂದಷ್ಟನ್ನು ನಗರದ ಬಡವರಿಗೆ ಉಚಿತವಾಗಿ ಹಂಚಿಸಿತು. ಒಂದು ದಿನದಲ್ಲಿ ಕೆಡುವ ಹಾಲು ಪುಡಿಯಾದರೆ ತಿಂಗಳುಗಟ್ಟಲೆ ಉಳಿಯುತ್ತದೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಶಾಲೆಗಳ ಮಕ್ಕಳಿಗೆ ಹಾಲು ಮಾಡಿ ಕೊಡುವುದೂ ಇಂತಹ ಪುಡಿಯಿಂದಲೇ.

ಸಂಸ್ಥೆಯೊಂದರ ಏಳಿಗೆಯನ್ನು ನಾವು ಅದರ ಕಟ್ಟಡದಿಂದಲೋ ಜಾಹೀರಾತಿನಿಂದಲೋ ಅಳೆಯುವುದುಂಟು. ನಿಜವಾಗಿ ಅದು ನಿಂತಿರುವುದು ಕಾಣದ ಕೊಂಡಿಗಳ ಮೇಲೆ: ಸರಿಯಾದ ಅಳತೆ, ಹೊತ್ತಿಗೆ ಹೊರಟ ವಾಹನ, ತಪ್ಪಿಲ್ಲದ ಲೆಕ್ಕ, ತಡವಿಲ್ಲದ ಪಾವತಿ. ಇವುಗಳಲ್ಲಿ ಒಂದು ಸಡಿಲವಾದರೂ ನಷ್ಟವು ಹಳ್ಳಿಯ ಕೊಟ್ಟಿಗೆಯನ್ನೂ ನಗರದ ಅಡುಗೆಮನೆಯನ್ನೂ ಒಟ್ಟಿಗೆ ತಟ್ಟುತ್ತದೆ. ನಾಳೆ ಮುಂಜಾನೆ ಹಾಲು ಉಕ್ಕುವಾಗ, ಅದಕ್ಕಾಗಿ ನಿದ್ದೆಗೆಟ್ಟ ಕೈಗಳನ್ನು ಒಮ್ಮೆ ನೆನೆಯೋಣ.