ಹೊರಲಾಗುವ ದೋಣಿ ಕಟ್ಟು

ಮಾಣಿ, ಕಯಾಕನ್ನು ಮನೆಯಲ್ಲೇ ಕಟ್ಟುತ್ತೇನೆ ಅಂದೆಯಲ್ಲ, ಕೇಳಿ ಖುಷಿಯಾಯಿತು. ಮರದ ಮಾತು ಬಂದ ಕೂಡಲೇ ಸಾಗುವಾನಿಯ ಹೆಸರೆತ್ತಿದೆ. ಅದನ್ನು ಬಿಟ್ಟುಬಿಡು. ಸಾಗುವಾನಿ ನೀರಿಗೆ ಜಗ್ಗುವುದಿಲ್ಲ, ನಿಜ. ಆದರೆ ಘನ ಮೀಟರಿಗೆ ಸುಮಾರು 650 ಕಿಲೋ ತೂಗುತ್ತದೆ. ಮೈಯಲ್ಲಿ ಎಣ್ಣೆಯಿರುವುದರಿಂದ ಅಂಟೂ ಸಲೀಸಾಗಿ ಹಿಡಿಯುವುದಿಲ್ಲ. ನಮ್ಮ ಹಿಂದಿನವರು ಮಾವಿನದೋ ಹೆಬ್ಬಲಸಿನದೋ ದಿಮ್ಮಿ ಕೊರೆದು ದೋಣಿ ಮಾಡುತ್ತಿದ್ದರು. ಅವು ಹೊಳೆದಂಡೆಯಲ್ಲೇ ಇರುವಂಥವು, ಭಾರವಿದ್ದರೂ ನಡೆಯಿತು. ನಿನ್ನದನ್ನು ಅಂಗಳದಿಂದ ಹೊಳೆಗೆ ನೀನೊಬ್ಬನೇ ಹೆಗಲ ಮೇಲಿಟ್ಟುಕೊಂಡು ಹೋಗಬೇಕು. ಹೊರಲಾಗದಿದ್ದರೆ ಎರಡನೇ ತಿಂಗಳಿಗೆ ಅದು ಕೊಟ್ಟಿಗೆ ಸೇರುತ್ತದೆ.

ಅಮೆರಿಕ, ಕೆನಡಾದವರು ಸೀಡರ್ ಮರದ 6 ಮಿ.ಮೀ. ದಪ್ಪದ ಪಟ್ಟಿಗಳನ್ನು ಜೋಡಿಸಿ ಕಟ್ಟುತ್ತಾರೆ. ಹಗುರ, ನೋಡಲೂ ಚೆಂದ. ಆ ಮರಕ್ಕಾಗಿ ನೀನು ಅಲೆಯುವುದು ಬೇಡ. 4 ಮಿ.ಮೀ. ಪ್ಲೈವುಡ್ ಕತ್ತರಿಸಿ, ಅಂಚುಗಳನ್ನು ತಾಮ್ರದ ತಂತಿಯಿಂದ ಹೊಲಿದು, ಎಪಾಕ್ಸಿಯಿಂದ ಅಂಟಿಸುವ ಕ್ರಮವೇ ನಿನಗೆ ಸಾಕು.

ಪ್ಲೈವುಡ್ ಆರಿಸುವಾಗ ಮಾತ್ರ ಅವಸರ ಮಾಡಬೇಡ. ಅಂಗಡಿಯವರು 'ವಾಟರ್‌ಪ್ರೂಫ್' ಅಂದದ್ದನ್ನೇ ನಂಬಿ ನಾನು ಮೊದಲ ದೋಣಿ ಕಟ್ಟಿದ್ದೆ. ಎರಡನೇ ಮಳೆಗಾಲದಲ್ಲಿ ತಳದಲ್ಲಿ ಅಂಗೈಯಗಲದ ಗುಳ್ಳೆ ಎದ್ದಿತು. ಉಳಿಯಿಂದ ಬಿಡಿಸಿ ನೋಡಿದರೆ ಒಳಪದರದ ಎರಡು ತುಂಡುಗಳ ನಡುವೆ ಬೆರಳು ತೂರುವಷ್ಟು ಸಂದು, ಅದರ ಉದ್ದಕ್ಕೂ ನೀರು ಹರಿದು ಮರ ಕಪ್ಪಾಗಿ ಮೆತ್ತಗಾಗಿತ್ತು. ಮೂರು ತಿಂಗಳ ಕೆಲಸ ಹಾಳಾಯಿತು. ಹಾಗಾಗಿ ಐಎಸ್ 710 ಮುದ್ರೆಯಿರುವ ಮರೀನ್ ಪ್ಲೈವುಡ್ಡನ್ನೇ ಕೇಳು. ಆ ಮಾನಕದಂತೆ ಮಾದರಿ ತುಂಡನ್ನು 72 ಗಂಟೆ ಕುದಿಸಿ ಅಂಟನ್ನು ಪರೀಕ್ಷಿಸುತ್ತಾರೆ. ಮುದ್ರೆ ಇದ್ದರೂ ಹಾಳೆಯ ನಾಲ್ಕೂ ಅಂಚು ನೋಡು. ಒಂದು ತುಂಡನ್ನು ಬಚ್ಚಲ ಹಂಡೆಗೆ ಹಾಕಿ ದಿನವಿಡೀ ಕುದಿಸು, ಒಣಗಿದ ಮೇಲೆ ಉಳಿ ಹಾಕಿ ಮೀಟು. ಪದರ ಬಿಟ್ಟುಕೊಂಡರೆ ಅದು ಬೇಡ.

ಆಮೇಲೆ ತೂಗು. ನಮ್ಮಲ್ಲಿ ಹೆಚ್ಚಾಗಿ ಸಿಗುವ ಗರ್ಜನ್ ಮರದ 4 ಮಿ.ಮೀ. ಹಾಳೆ, ಎಂಟಡಿಗೆ ನಾಲ್ಕಡಿಯದು, 8 ಕಿಲೋ ದಾಟುತ್ತದೆ. ಆಫ್ರಿಕದ ಒಕುಮೆ ಮರದ್ದಾದರೆ ಐದೂವರೆ ಕಿಲೋ ಆಸುಪಾಸು. ಹದಿನೈದಡಿಯ ಕಯಾಕಿಗೆ ಮೂರು ಹಾಳೆ ಬೇಕು, ಲೆಕ್ಕ ಹಾಕು. ಒಕುಮೆಗೆ ದುಡ್ಡು ಹೆಚ್ಚು. ಅದು ಬೇಗ ಕೊಳೆಯುವ ಮರವೂ ಹೌದು, ಒಂದು ಗೀರೂ ಬಿಡದಂತೆ ಎಪಾಕ್ಸಿಯಿಂದ ಮುಚ್ಚಬೇಕು. ಅಷ್ಟು ಜತನ ಮಾಡುವವನಾದರೆ ಅದನ್ನೇ ತಾ. ಗರ್ಜನ್ ತಂದೆಯಾದರೆ 6 ಮಿ.ಮೀ.ಗೆ ಮಾತ್ರ ಹೋಗಬೇಡ.

ಹೊರಮೈಗೆ ಚದರ ಮೀಟರಿಗೆ 200 ಗ್ರಾಂ ತೂಗುವ ಫೈಬರ್‌ಗ್ಲಾಸ್ ಬಟ್ಟೆ ಒಂದು ಪದರ ಸಾಕು. ಅಗ್ಗವೆಂದು ಪಾಲಿಯೆಸ್ಟರ್ ರೆಸಿನ್ ತರಬೇಡ, ಅದು ಮರವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಎಪಾಕ್ಸಿಯನ್ನೂ ಸುರಿಯಬೇಡ. ಬಟ್ಟೆ ಬಿಳುಪು ಕಳೆದುಕೊಂಡು ಪಾರದರ್ಶಕವಾದ ಕೂಡಲೇ ಹೆಚ್ಚಿನದನ್ನು ಎಳೆದು ತೆಗೆ. ಅಲ್ಲಿ ಉಳಿದದ್ದೆಲ್ಲ ನಿನ್ನ ಹೆಗಲಿಗೆ ಬೀಳುವ ಭಾರ. ಬಿಸಿಲು ಇಳಿಯುವ ಹೊತ್ತಿಗೆ ಹಚ್ಚು. ಬೆಳಿಗ್ಗೆ ಹಚ್ಚಿದರೆ ಮರ ಕಾಯುತ್ತಾ ಒಳಗಿನ ಗಾಳಿ ಹಿಗ್ಗಿ ಗುಳ್ಳೆಗಳಾಗಿ ಏಳುತ್ತದೆ. ಮಳೆಗಾಲದ ತೇವದಲ್ಲಂತೂ ಈ ಕೆಲಸಕ್ಕೆ ಕೈ ಹಾಕಬೇಡ, ದೀಪಾವಳಿ ಕಳೆಯಲಿ.

ಹಾಳೆ ತೂಗಲು ಕೊಕ್ಕೆಯ ತಕ್ಕಡಿ ನನ್ನ ಹತ್ತಿರ ಇದೆ. ಅಂಗಡಿಗೆ ಹೋಗುವ ಮುಂಚೆ ಬಂದು ತೆಗೆದುಕೊಂಡು ಹೋಗು.