ನೆಟ್ ಬೌಲರ್‌ನಂತೆ ಹಾರಿ: ಕಲಿಯುವ ಕಂಟ್ರೋಲರ್‌ಗೆ ನೆರವಾಗಲು ಹತ್ತು ಸೂತ್ರಗಳು

ವ್ಯಾಟ್‌ಸಿಮ್ ಜಾಲ ಹುಟ್ಟಿದ್ದು 2001ರಲ್ಲಿ. ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವವರು ಒಂದು ಕಡೆ, ಅದೇ ಆಕಾಶವನ್ನು ರೇಡಾರ್ ಪರದೆಯ ಮೇಲೆ ನೋಡುತ್ತಾ ಅವರಿಗೆ ದಾರಿ ಹೇಳುವವರು ಇನ್ನೊಂದು ಕಡೆ. ಎಲ್ಲರೂ ಹವ್ಯಾಸಿಗಳೇ, ಯಾರಿಗೂ ಸಂಬಳವಿಲ್ಲ. ಆದರೆ ಕಂಟ್ರೋಲರ್ ಕುರ್ಚಿ ಸುಮ್ಮನೆ ಸಿಗುವುದಿಲ್ಲ. ಎಸ್1, ಎಸ್2, ಎಸ್3, ಸಿ1 ಎಂದು ಮೆಟ್ಟಿಲು ಹತ್ತಬೇಕು. ಓದಬೇಕು, ಮೆಂಟರ್ ಪಕ್ಕದಲ್ಲಿ ಪಳಗಬೇಕು, ಪರೀಕ್ಷೆ ಪಾಸಾಗಬೇಕು.

ಪುಸ್ತಕದ ಪಾಠವನ್ನು ಒಬ್ಬರೇ ಕೂತು ಓದಬಹುದು. ಅಭ್ಯಾಸಕ್ಕೆ ಮಾತ್ರ ವಿಮಾನಗಳು ಬೇಕು. ‘ಸ್ವೆಟ್‌ಬಾಕ್ಸ್’ ಎಂಬ ತರಬೇತಿ ಸರ್ವರ್‌ನಲ್ಲಿ ಕೃತಕ ವಿಮಾನಗಳನ್ನು ಬಿಟ್ಟು ಕಲಿಸುವುದುಂಟು. ಅವು ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತವೆ. ಮನುಷ್ಯ ಪೈಲಟ್ ಹಾಗಲ್ಲ. ತಪ್ಪು ಕೇಳಿಸಿಕೊಳ್ಳುತ್ತಾನೆ, ತಿರುಗಲು ತಡ ಮಾಡುತ್ತಾನೆ, ‘ಸೇ ಅಗೇನ್’ ಎನ್ನುತ್ತಾನೆ. ಅದಕ್ಕೇ ತರಬೇತಿಗೆ ಅವನು ಬೇಕು. ಆ ಹೊತ್ತಿನಲ್ಲಿ ಅವನ ಕೆಲಸ ನೆಟ್ ಬೌಲರ್‌ನದು: ಬ್ಯಾಟ್ಸ್‌ಮನ್‌ಗೆ ಯಾವ ಎಸೆತದ ಅಭ್ಯಾಸ ಬೇಕೋ ಅದನ್ನು ಎಸೆಯುವುದು. ಎಷ್ಟು ವಿಕೆಟ್ ಬಿತ್ತು ಎಂದು ಅಲ್ಲಿ ಯಾರೂ ಲೆಕ್ಕ ಇಡುವುದಿಲ್ಲ.

1. ಏನು ಕಲಿಯುತ್ತಿದ್ದಾರೆ ಎಂದು ಮೊದಲು ತಿಳಿದುಕೊಳ್ಳಿ. ಎಸ್1 ಎಂದರೆ ಕ್ಲಿಯರೆನ್ಸ್ ಮತ್ತು ಗ್ರೌಂಡ್, ಎಸ್2 ಟವರ್, ಎಸ್3 ಅಪ್ರೋಚ್, ಸಿ1 ದೂರದ ಮಾರ್ಗಗಳ ಸೆಂಟರ್. ಕಂಟ್ರೋಲರ್‌ನ ಮಾಹಿತಿ ಸಾಲುಗಳಲ್ಲಿ ತರಬೇತಿ ನಡೆದಿದೆ ಎಂಬ ಸೂಚನೆ ಹಲವು ಸಲ ಇರುತ್ತದೆ, ಓದಿಕೊಳ್ಳಿ. ಗ್ರೌಂಡ್ ಕಲಿಯುವವರಿಗೆ ಆಗಲೇ ಮೂವತ್ತೈದು ಸಾವಿರ ಅಡಿಯಲ್ಲಿ ಹೋಗುತ್ತಿರುವ ನಿಮ್ಮ ಬೋಯಿಂಗ್‌ನಿಂದ ಏನೂ ಉಪಯೋಗವಿಲ್ಲ.

2. ದೊಡ್ಡ ವಿಮಾನ ಬಿಡಿ, ಸೆಸ್ನಾ ತನ್ನಿ. ಟವರ್ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಒಂದು ಸೆಸ್ನಾ 172 ಸರ್ಕ್ಯೂಟ್ ಸುತ್ತುತ್ತಾ ಟಚ್ ಆ್ಯಂಡ್ ಗೋ ಮಾಡುತ್ತಿದ್ದರೆ ಟವರ್‌ನ ಅರ್ಧ ಪಾಠ ಅದರಲ್ಲೇ ಇದೆ. ಡೌನ್‌ವಿಂಡ್‌ನಲ್ಲಿ 90 ನಾಟ್‌ನ ಪುಟ್ಟ ವಿಮಾನ, ಫೈನಲ್‌ನಲ್ಲಿ 140 ನಾಟ್‌ನಲ್ಲಿ ಬರುತ್ತಿರುವ ಏರ್‌ಬಸ್, ಟೇಕಾಫ್‌ಗೆ ಕಾದು ನಿಂತಿರುವ ಮತ್ತೊಂದು. ಸೆಸ್ನಾವನ್ನು ಮೊದಲು ಇಳಿಸುವುದೋ, ಡೌನ್‌ವಿಂಡ್ ಉದ್ದ ಮಾಡಿಸುವುದೋ, ಒಂದು ಸುತ್ತು ಹೊಡೆಸುವುದೋ? ಜೆಟ್‌ನ ಹಿಂದೆ ಏಳುವ ಗಾಳಿಯ ಸುಳಿ ಅಡಗಲು ಎಷ್ಟು ಹೊತ್ತು ಬಿಡಬೇಕು? ಇವೆಲ್ಲ ನಿಮ್ಮ ಪುಟ್ಟ ವಿಮಾನ ಹುಟ್ಟಿಸುವ ಪ್ರಶ್ನೆಗಳು, ಪ್ರತಿ ಸುತ್ತಿನಲ್ಲೂ ಹೊಸದಾಗಿ. ಎತ್ತರದ ಲೆಕ್ಕ ಮರೆಯಬೇಡಿ. ಸರ್ಕ್ಯೂಟ್ ಸಾಮಾನ್ಯವಾಗಿ ನೆಲದಿಂದ ಸಾವಿರ ಅಡಿ ಮೇಲೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ, ಹಾಗಾಗಿ ಆಲ್ಟಿಮೀಟರ್ 4,000 ತೋರಿಸಬೇಕು.

3. ನಿಲುಗಡೆಯಿಂದಲೇ ಆರಂಭಿಸಿ. ರನ್‌ವೇ ಮೇಲೆ ದಿಢೀರ್ ಪ್ರತ್ಯಕ್ಷರಾಗುವುದು ನಿಯಮಕ್ಕೆ ವಿರುದ್ಧ. ಅಲ್ಲದೆ ಫೈನಲ್‌ನಲ್ಲಿರುವ ವಿಮಾನ ಪಾಪ ಗೋ-ಅರೌಂಡ್ ಮಾಡಬೇಕಾಗುತ್ತದೆ. ಮೊದಲ ಕರೆಯಲ್ಲೇ ಕಾಲ್‌ಸೈನ್, ವಿಮಾನದ ಮಾದರಿ, ನಿಂತಿರುವ ಸ್ಟ್ಯಾಂಡ್, ಕೇಳಿದ ಏಟಿಸ್‌ನ ಅಕ್ಷರ ಇಷ್ಟನ್ನೂ ಹೇಳಿ. ಫ್ಲೈಟ್ ಪ್ಲಾನ್ ಮುಂಚೆಯೇ ಹಾಕಿರಿ.

4. ಪೂರ್ತಿ ರೀಡ್‌ಬ್ಯಾಕ್ ಕೊಡಿ. ಕ್ಲಿಯರೆನ್ಸ್, ರನ್‌ವೇ, ಎತ್ತರ, ದಿಕ್ಕು, ವೇಗ, ಕ್ಯೂಎನ್‌ಹೆಚ್, ಸ್ಕ್ವಾಕ್ ಸಂಖ್ಯೆ ಎಲ್ಲವನ್ನೂ ಮರಳಿ ಹೇಳಲೇಬೇಕು. ಬರೀ ‘ರೋಜರ್’ ಎಂದರೆ ಕಲಿಯುವವರಿಗೆ ಹೋಲಿಸಿ ನೋಡಲು ಏನೂ ಸಿಗುವುದಿಲ್ಲ. ಕಂಟ್ರೋಲರ್ ಕೆಲಸದಲ್ಲಿ ಹೇಳುವುದು ಅರ್ಧ, ಮರಳಿ ಬಂದದ್ದನ್ನು ಕೇಳುವುದು ಇನ್ನರ್ಧ. ಹೊಸಬರು ತಮ್ಮ ಮುಂದಿನ ವಾಕ್ಯವನ್ನು ಜೋಡಿಸಿಕೊಳ್ಳುವ ಗಡಿಬಿಡಿಯಲ್ಲಿ ಈ ಎರಡನೆಯ ಅರ್ಧವನ್ನೇ ಬಿಟ್ಟುಬಿಡುತ್ತಾರೆ. 1977ರ ಮಾರ್ಚ್ 27ರಂದು ಟೆನೆರಿಫ್‌ನ ಮಂಜಿನಲ್ಲಿ ಎರಡು ಜಂಬೋ ಜೆಟ್‌ಗಳು ರನ್‌ವೇ ಮೇಲೆಯೇ ಡಿಕ್ಕಿಯಾಗಿ 583 ಜನ ಸತ್ತರು. ಟೇಕಾಫ್ ಅನುಮತಿಯ ಬಗ್ಗೆ ರೇಡಿಯೋದಲ್ಲಿ ಆದ ಗೊಂದಲ ಅದರ ಮುಖ್ಯ ಕಾರಣಗಳಲ್ಲಿ ಒಂದು. ‘ಟೇಕಾಫ್’ ಎಂಬ ಪದವನ್ನು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸಬೇಕು, ಉಳಿದೆಡೆ ‘ಡಿಪಾರ್ಚರ್’ ಎನ್ನಬೇಕು ಎಂಬ ಶಿಸ್ತು ಗಟ್ಟಿಯಾದದ್ದು ಆಮೇಲೆ. ಆಟದ ಆಕಾಶದಲ್ಲೂ ಅದನ್ನು ಪಾಲಿಸಿ.

ಬೇಕೆಂದೇ ತಪ್ಪು ರೀಡ್‌ಬ್ಯಾಕ್ ಕೊಟ್ಟು ಪರೀಕ್ಷಿಸುವ ಚಪಲ ಕೆಲವರಿಗೆ. ಮೆಂಟರ್ ಖುದ್ದಾಗಿ ಕೇಳಿಕೊಂಡಿದ್ದರೆ ಮಾತ್ರ ಮಾಡಿ. ಇಲ್ಲದಿದ್ದರೆ ಅದು ಕುಚೇಷ್ಟೆ.

5. ನಿಧಾನವಾಗಿ ಮಾತಾಡಿ. ರೇಡಿಯೋ ಮಾತು ನಿಮಿಷಕ್ಕೆ 100 ಪದ ಮೀರದಿರಲಿ ಎನ್ನುವುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸಲಹೆ. ನಮ್ಮ ಇಂಗ್ಲಿಷಿನ ಉಚ್ಚಾರ ಹೇಗಿದ್ದರೂ ಅಡ್ಡಿಯಿಲ್ಲ, ಸಂಖ್ಯೆಗಳು ಸ್ಪಷ್ಟವಾಗಿದ್ದರೆ ಸಾಕು.

6. ಹೇಳಿದ ವೇಗ ಎಂದರೆ ಅದೇ ವೇಗ. ಅಪ್ರೋಚ್ ಕಲಿಯುವವರು ವಿಮಾನಗಳ ನಡುವಿನ ಮೈಲಿಗಳನ್ನು ವೇಗದಿಂದಲೇ ಹೊಂದಿಸುತ್ತಾರೆ. ‘ನಾಲ್ಕು ಮೈಲಿವರೆಗೆ 160 ನಾಟ್’ ಎಂದಾಗ ನೀವು ಎಂಟು ಮೈಲಿಯಲ್ಲೇ 135ಕ್ಕೆ ಇಳಿದರೆ ಹಿಂದಿನವರೆಲ್ಲ ಒಬ್ಬರ ಮೇಲೊಬ್ಬರು ಬಂದು ಬೀಳುತ್ತಾರೆ. ತಪ್ಪು ತನ್ನದೋ ನಿಮ್ಮದೋ ಎಂದು ಕಲಿಯುವವರಿಗೆ ತಿಳಿಯುವುದೂ ಇಲ್ಲ. ಆಗದಿದ್ದರೆ ‘ಅನೇಬಲ್’ ಎಂದು ಆಗಲೇ ಹೇಳಿಬಿಡಿ. ಕಂಟ್ರೋಲರನ್ನು ಕೇಳದೆ ಸಿಮ್ಯುಲೇಟರ್ ಅನ್ನು ಪಾಜ್ ಮಾಡಿ ಅಡುಗೆಮನೆಗೆ ಹೋಗಬೇಡಿ.

7. ತಪ್ಪು ಕಂಡರೆ ಪೈಲಟ್ ಆಗಿಯೇ ವರ್ತಿಸಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಸೂತ್ರ. ಕಲಿಯುವವರು ತಪ್ಪುತ್ತಾರೆ. ಆಗ ಅನುಭವಿ ಪೈಲಟ್‌ಗಳಿಗೆ ಎರಡು ಬಗೆಯ ತುರಿಕೆ. ಒಂದು, ಫ್ರೀಕ್ವೆನ್ಸಿಯಲ್ಲೇ ಪಾಠ ಹೇಳುವುದು. ಇನ್ನೊಂದು, ಗುಟ್ಟಾಗಿ ಸರಿಮಾಡಿಬಿಡುವುದು, ಅಂದರೆ ಹೇಳಿದ ದಿಕ್ಕು ಬಿಟ್ಟು ‘ಹೇಳಬೇಕಾಗಿದ್ದ’ ದಿಕ್ಕಿಗೆ ತಿರುಗುವುದು. ಎರಡನೆಯದು ಹೆಚ್ಚು ಕೆಟ್ಟದ್ದು ಎನ್ನುತ್ತೇನೆ. ಪಾಠ ಹೇಳಿದರೆ ಮನಸ್ಸಿಗೆ ಕಿರಿಕಿರಿ, ಅಷ್ಟೆ. ಗುಟ್ಟಾಗಿ ಸರಿಮಾಡಿದರೆ ತಪ್ಪು ನಡೆದದ್ದೇ ಕಲಿಯುವವರಿಗೆ ಗೊತ್ತಾಗುವುದಿಲ್ಲ.

ನಿಜವಾದ ಪೈಲಟ್ ಏನು ಮಾಡುತ್ತಾನೋ ಅದನ್ನು ಮಾಡಿ. ಗುಡ್ಡಕ್ಕಿಂತ ಕೆಳಗಿನ ಎತ್ತರ ಕೊಟ್ಟರೆ ‘ಕನ್‌ಫರ್ಮ್’ ಎಂದು ಕೇಳಿ. ರನ್‌ವೇ ಮೇಲೆ ಇನ್ನೊಂದು ವಿಮಾನ ಇರುವಾಗಲೇ ಇಳಿಯಲು ಬಿಟ್ಟರೆ ‘ಗೋಯಿಂಗ್ ಅರೌಂಡ್’ ಎಂದು ಮೇಲೇರಿ. ಲೊಕಲೈಸರ್ ದಾಟಿ ಹೋಗುವ ವೆಕ್ಟರ್ ಕೊಟ್ಟು ಮರೆತರೆ, ದಾಟುತ್ತಿದ್ದೀರಿ ಎಂದು ಒಂದೇ ವಾಕ್ಯದಲ್ಲಿ ತಿಳಿಸಿ. ಕಲಿಯುವವರ ಕಿವಿಯಲ್ಲಿ ಮೆಂಟರ್ ಇದ್ದಾರೆ, ವಿವರಣೆಯನ್ನು ಅವರು ಕೊಡುತ್ತಾರೆ. ಆ ಹೊತ್ತಿನಲ್ಲಿ ಖಾಸಗಿ ಸಂದೇಶ ಕಳಿಸುವುದೂ ಬೇಡ. ಎರಡು ದನಿಗಳನ್ನು ಒಟ್ಟಿಗೆ ಕೇಳುತ್ತಿರುವವರಿಗೆ ಮೂರನೆಯದು ಯಾಕೆ?

8. ನಾಟಕ ಬೇಡ. ಎಂಜಿನ್‌ಗೆ ಬೆಂಕಿ ಬಿತ್ತು ಎಂದು 7700 ಹಾಕುವ ಮುನ್ನ ಕೇಳಿ. ಕಂಟ್ರೋಲರ್ ಆಗುವುದಿಲ್ಲ ಎಂದರೆ ಆ ತುರ್ತು ಪರಿಸ್ಥಿತಿಯನ್ನು ಅಲ್ಲಿಗೇ ಕೈಬಿಡಬೇಕು, ಇಲ್ಲವೇ ಜಾಲದಿಂದ ಹೊರಗೆ ಹೋಗಬೇಕು. ಅಪಹರಣದ ಸಂಕೇತವಾದ 7500ಕ್ಕೆ ವ್ಯಾಟ್‌ಸಿಮ್‌ನಲ್ಲಿ ಜಾಗವೇ ಇಲ್ಲ.

9. ಚಾರ್ಟ್ ಹೊಸದಿರಲಿ, ಗಡಿಯಾರ ಸರಿಯಿರಲಿ. ವಿಮಾನಯಾನದ ಮಾಹಿತಿ 28 ದಿನಗಳ ಏರಾಕ್ ಚಕ್ರದಲ್ಲಿ ಬದಲಾಗುತ್ತದೆ. ನಿಮ್ಮ ಸಿಮ್ಯುಲೇಟರಿನಲ್ಲಿ ಹಳೆಯ ದತ್ತಾಂಶವಿದ್ದು, ಕಂಟ್ರೋಲರ್ ಹೇಳಿದ ಎಸ್‌ಐಡಿ ಸಿಗದಿದ್ದರೆ ಮುಚ್ಚುಮರೆ ಇಲ್ಲದೆ ಹೇಳಿ. ಬೇರೆ ದಾರಿ ಕೊಡುವುದೂ ಅವರಿಗೆ ಅಭ್ಯಾಸವೇ. ಭಾರತದ ಚಾರ್ಟ್‌ಗಳನ್ನು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಉಚಿತವಾಗಿಯೇ ಪ್ರಕಟಿಸುತ್ತದೆ. ಇನ್ನು ಸಮಯ. ಎಲ್ಲ ಪ್ರಕಟಣೆಯೂ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ಮಧ್ಯ ಯುರೋಪಿನಲ್ಲಿ ಚಳಿಗಾಲದ ಸಂಜೆ 7 ಎಂದರೆ ಬೆಂಗಳೂರಿನಲ್ಲಿ ರಾತ್ರಿ 11.30. ಹಾಗಾಗಿ ಯುರೋಪಿನ ತರಬೇತಿಗಳು ನಮ್ಮ ನಿದ್ದೆಗೆ ಸಂಚಕಾರ. ಅಲ್ಲೇ ನೆಲೆಸಿರುವ ಕನ್ನಡಿಗರಿಗೆ ಆ ತಾಪತ್ರಯವಿಲ್ಲ, ಅವರು ಇನ್ನಷ್ಟು ಹೆಚ್ಚಾಗಿ ಬರಬಹುದು.

10. ಮುಗಿದ ಮೇಲೆ ನಾಲ್ಕು ಸಾಲು ಬರೆಯಿರಿ. ‘ಸೂಪರ್ ಸರ್ವಿಸ್’ ಎಂದರೆ ಖುಷಿಯಾಗುತ್ತದೆ, ಕಲಿಕೆಗೆ ಏನೂ ಸಿಗುವುದಿಲ್ಲ. ‘ಬೇಸ್‌ಗೆ ತಿರುಗಿಸಿದ್ದು ತಡವಾಯಿತು, ಫೈನಲ್ ಮೇಲೆ ಸ್ಥಿರವಾಗಲು ಸಮಯ ಸಾಲಲಿಲ್ಲ’ ಎಂದು ನಡೆದದ್ದನ್ನು ಬರೆದರೆ ಮೆಂಟರ್‌ಗೂ ಉಪಯೋಗ. ಚೆನ್ನಾಗಿದ್ದದ್ದನ್ನೂ ಇಷ್ಟೇ ಬಿಡಿಸಿ ಬರೆಯಿರಿ.

ಕಲಿಯುತ್ತಿರುವವರಲ್ಲಿ ನಿಜವಾದ ಟವರ್‌ನ ಕನಸು ಕಾಣುವ ಹುಡುಗ ಹುಡುಗಿಯರೂ ಇದ್ದಾರೆ. ವ್ಯಾಟ್‌ಸಿಮ್‌ನ ದರ್ಜೆ ಹೊರಗೆ ಲೈಸೆನ್ಸ್ ಅಲ್ಲ. ನಮ್ಮಲ್ಲಿ ಆ ಕೆಲಸಕ್ಕೆ ಭೌತಶಾಸ್ತ್ರ, ಗಣಿತ ಓದಿದ ಪದವಿ ಬೇಕು, ಪ್ರಾಧಿಕಾರದ ನೇಮಕಾತಿ ಪರೀಕ್ಷೆ ಬರೆಯಬೇಕು, ಆಯ್ಕೆಯಾದರೆ ಪ್ರಯಾಗ್‌ರಾಜ್‌ನಂಥ ಕಡೆ ತರಬೇತಿ. ಆದರೂ ಹತ್ತು ವಿಮಾನ ಒಟ್ಟಿಗೆ ಕರೆಯುವಾಗ ಗಂಟಲು ಒಣಗದಿರುವ ಅಭ್ಯಾಸ ಇಲ್ಲಿ ಸಿಗುತ್ತದೆ.

ವ್ಯಾಟ್‌ಸಿಮ್‌ನ ದೊಡ್ಡ ಉತ್ಸವಗಳ ರಾತ್ರಿ ಆಕಾಶ ತಾನಾಗಿಯೇ ತುಂಬುತ್ತದೆ, ಅಲ್ಲಿ ನೀವೊಬ್ಬರು ಇಲ್ಲದಿದ್ದರೂ ನಡೆಯುತ್ತದೆ. ವಾರದ ಮಧ್ಯೆ ಯಾರದೋ ಟವರ್ ಪರೀಕ್ಷೆ ಇದೆ ಎಂಬ ಪ್ರಕಟಣೆ ಕಂಡರೆ ದಯವಿಟ್ಟು ಆ ಸಂಜೆ ಬನ್ನಿ. ಜತೆಗೆ ಇಬ್ಬರು ಸ್ನೇಹಿತರನ್ನೂ ಕರೆತನ್ನಿ.