ಹುಟ್ಟುವಾಗ ಉಸಿರುಗಟ್ಟಿದ ಶಿಶು: ಚಿಕಿತ್ಸೆಯೂ ಅದರ ಮಾರುಕಟ್ಟೆಯೂ

ಗರ್ಭದಲ್ಲಿರುವ ಶಿಶುವಿಗೆ ಆಮ್ಲಜನಕವು ತಾಯಿಯ ರಕ್ತದಿಂದ ಮಾಸು ಮತ್ತು ಹೊಕ್ಕುಳಬಳ್ಳಿಯ ಮೂಲಕ ದೊರೆಯುತ್ತದೆ. ಹೆರಿಗೆಯ ಹೊತ್ತಿನಲ್ಲಿ ಬಳ್ಳಿಯು ಜಾರಿ ಅದುಮಿಹೋದರೆ, ಮಾಸು ಅಕಾಲದಲ್ಲಿ ಕಳಚಿಕೊಂಡರೆ ಅಥವಾ ಹೆರಿಗೆಗೆ ತಡೆಯುಂಟಾಗಿ ಬಹಳ ಹೊತ್ತು ಹಿಡಿದರೆ ಈ ಪೂರೈಕೆಯು ಕುಂದುತ್ತದೆ. ಅಂತಹ ಶಿಶುವು ಹುಟ್ಟಿದೊಡನೆ ಅಳುವುದಿಲ್ಲ, ಕೈಕಾಲುಗಳು ಸೋತಂತಿರುತ್ತವೆ, ಕೆಲವು ಗಂಟೆಗಳಲ್ಲಿ ಸೆಳವು ಕಾಣಿಸಿಕೊಳ್ಳಬಹುದು. ಆಮ್ಲಜನಕ ಮತ್ತು ರಕ್ತದ ಕೊರತೆಯಿಂದ ಮೆದುಳಿಗಾಗುವ ಈ ಹಾನಿಯನ್ನು ವೈದ್ಯರು ಹೈಪಾಕ್ಸಿಕ್ ಇಸ್ಕೀಮಿಕ್ ಎನ್‌ಸೆಫಲೋಪತಿ, ಸಂಕ್ಷಿಪ್ತವಾಗಿ ಎಚ್.ಐ.ಇ. ಎಂದು ಕರೆಯುತ್ತಾರೆ. ಬದುಕುಳಿದ ಮಕ್ಕಳಲ್ಲಿ ಕೆಲವರಿಗೆ ಮಿದುಳಿನ ಪಾರ್ಶ್ವವಾಯು, ಅಪಸ್ಮಾರ, ಕಲಿಕೆಯ ತೊಂದರೆಗಳು ಉಳಿದುಬಿಡುತ್ತವೆ.

ಈ ಹಾನಿಯು ಒಂದೇ ಏಟಿಗೆ ಮುಗಿಯುವುದಿಲ್ಲವೆಂಬುದು ಗಮನಾರ್ಹ. ಉಸಿರು ಮರಳಿದ ಮೇಲೆ ಮೆದುಳಿನ ಜೀವಕೋಶಗಳು ಕೆಲಕಾಲ ಚೇತರಿಸಿಕೊಂಡಂತೆ ತೋರುತ್ತವೆ. ಅನಂತರ, ಅನೇಕ ಗಂಟೆಗಳ ಬಳಿಕ, ಶಕ್ತಿಯ ಎರಡನೆಯ ಕುಸಿತವುಂಟಾಗಿ ಇನ್ನಷ್ಟು ಕೋಶಗಳು ಸಾಯುತ್ತವೆ. ಚಿಕಿತ್ಸೆಗೆ ಅವಕಾಶವಿರುವುದು ಈ ನಡುವಣ ಅವಧಿಯಲ್ಲಿಯೇ. ಹುಟ್ಟಿದ 6 ಗಂಟೆಗಳೊಳಗೆ ಶಿಶುವಿನ ದೇಹದ ಉಷ್ಣತೆಯನ್ನು ಸುಮಾರು 33.5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, 72 ಗಂಟೆಗಳ ಕಾಲ ಹಾಗೆಯೇ ಇರಿಸಿ, ಆಮೇಲೆ ಮೆಲ್ಲನೆ ಬೆಚ್ಚಗೆ ಮಾಡುವುದು ಇಂದು ಸಂಪನ್ನ ದೇಶಗಳಲ್ಲಿ ರೂಢಿಯಲ್ಲಿರುವ ಚಿಕಿತ್ಸೆ. ಅಮೆರಿಕದಲ್ಲಿ ಸೀತಾ ಶಂಕರನ್ ಅವರ ನೇತೃತ್ವದಲ್ಲಿ 208 ಶಿಶುಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸಾವು ಅಥವಾ ಗಣನೀಯ ಅಂಗವೈಕಲ್ಯವು ತಂಪು ನೀಡಿದ ಶಿಶುಗಳಲ್ಲಿ ಶೇಕಡಾ 44ರಷ್ಟಿದ್ದರೆ, ನೀಡದವರಲ್ಲಿ ಶೇಕಡಾ 62ರಷ್ಟಿತ್ತು. ತಂಪು ಪಡೆದ ಮಕ್ಕಳೆಲ್ಲರೂ ಗುಣವಾಗಲಿಲ್ಲ ಎಂಬುದೂ ಇದೇ ಅಂಕಿಗಳಿಂದ ತಿಳಿಯುತ್ತದೆ.

ಇಲ್ಲಿಂದ ಮಾರುಕಟ್ಟೆಯ ಕಥೆ ಆರಂಭವಾಗುತ್ತದೆ. ಹಸುಗೂಸಿನ ಸಂಕಟದ ವಿಷಯದಲ್ಲಿ ಈ ಶಬ್ದವು ಕಠೋರವಾಗಿ ಕೇಳಿಸಬಹುದು. ಆದರೂ ಯಾವ ಸಾಧನವು ಯಾವ ಆಸ್ಪತ್ರೆಗೆ ತಲುಪುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ. ತಲೆಯನ್ನು ತಂಪಾಗಿಸುವ ಟೊಪ್ಪಿಗೆಯಂತಹ ಯಂತ್ರಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2006ರಲ್ಲಿ ಅನುಮತಿ ನೀಡಿತು. ಇಡೀ ದೇಹಕ್ಕೆ ತಣ್ಣೀರು ಹರಿಸುವ ಹಾಸಿಗೆಗಳೂ ಬಂದವು. ಇವುಗಳ ಖರೀದಿದಾರರು ತಾಯಿತಂದೆಯರಲ್ಲ, ಆಸ್ಪತ್ರೆಗಳು. ಬೆಲೆಯೂ ದೊಡ್ಡ ಆಸ್ಪತ್ರೆಗಳಿಗೆ ಮಾತ್ರ ನಿಲುಕುವಂತಹುದು. ಉಸಿರುಗಟ್ಟಿ ಹುಟ್ಟುವ ಶಿಶುಗಳಾದರೋ ಹೆಚ್ಚಾಗಿ ಬಡ ದೇಶಗಳಲ್ಲಿವೆ. ಈ ಅಂತರವನ್ನು ಕಂಡು, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರ ಸಹಯೋಗದಲ್ಲಿ ಭಾರತದ ಪ್ಲಸ್ ಎಂಬ ಕಂಪನಿಯು ಮಿರಾಕ್ರೇಡಲ್ ಎಂಬ ತೊಟ್ಟಿಲನ್ನು ರೂಪಿಸಿತು. ಗೊತ್ತಾದ ಉಷ್ಣತೆಯಲ್ಲಿ ಮೇಣದಂತೆ ಕರಗುತ್ತ ಶಾಖವನ್ನು ಹೀರಿಕೊಳ್ಳುವ ವಸ್ತುವೇ ಅದರ ಹಾಸು. ತಂಪಾಗಿಸಲು ಅದಕ್ಕೆ ನಿರಂತರ ವಿದ್ಯುತ್ತು ಬೇಕಿಲ್ಲ. ಬೆಲೆಯೂ ವಿದೇಶೀ ಯಂತ್ರಗಳಿಗಿಂತ ಬಹಳ ಕಡಮೆ.

ಸಾಧನವು ಅಗ್ಗವಾದೊಡನೆ ಪ್ರಶ್ನೆ ಬಗೆಹರಿಯಲಿಲ್ಲ. ಭಾರತ, ಶ್ರೀಲಂಕಾ ಮತ್ತು ಬಾಂಗ್ಲಾದೇಶಗಳ 7 ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ನಡೆದ ಹೀಲಿಕ್ಸ್ ಎಂಬ ಪರೀಕ್ಷೆಯ ಫಲಿತಾಂಶವು 2021ರಲ್ಲಿ ಪ್ರಕಟವಾಯಿತು. ಬೆಂಗಳೂರು, ಚೆನ್ನೈ, ಮುಂಬೈಗಳ ಸಾರ್ವಜನಿಕ ಆಸ್ಪತ್ರೆಗಳೂ ಇದರಲ್ಲಿದ್ದವು. ಬಳಸಿದ್ದು ಉಷ್ಣತೆಯನ್ನು ತಾನಾಗಿ ಕಾಯ್ದುಕೊಳ್ಳುವ ಉತ್ತಮ ಯಂತ್ರವನ್ನೇ. ಹಾಗಿದ್ದೂ ತಂಪು ನೀಡಿದ ಶಿಶುಗಳಲ್ಲಿ ಶೇಕಡಾ 42 ಮಂದಿ ಮರಣ ಹೊಂದಿದರೆ, ಸಾಮಾನ್ಯ ಆರೈಕೆ ಪಡೆದವರಲ್ಲಿ ಆ ಪ್ರಮಾಣ ಶೇಕಡಾ 31. ನಮ್ಮ ಕಡೆಯ ಅನೇಕ ಶಿಶುಗಳಲ್ಲಿ ಹಾನಿಯು ಹೆರಿಗೆಗೆ ಬಹಳ ಮೊದಲೇ ಆರಂಭವಾಗಿ, ಆ 6 ಗಂಟೆಗಳ ಅವಕಾಶವು ಕಳೆದೇಹೋಗಿರಬಹುದೆಂದು ಕೆಲವು ತಜ್ಞರು ವಾದಿಸುತ್ತಾರೆ. ಸುಸಜ್ಜಿತ ಘಟಕಗಳಿಗೆ ಈ ಫಲಿತಾಂಶ ಅನ್ವಯಿಸದೆಂದು ಇನ್ನು ಕೆಲವರು ಹೇಳುತ್ತಾರೆ. ಒಂದು ದೇಶದಲ್ಲಿ ಸಿದ್ಧವಾದ ಚಿಕಿತ್ಸೆಯನ್ನು ಪೆಟ್ಟಿಗೆಯ ಸಮೇತ ಇನ್ನೊಂದು ದೇಶಕ್ಕೆ ಇಳಿಸಲಾಗದು ಎಂಬುದಂತೂ ಇದರಿಂದ ಸ್ಪಷ್ಟ. ಮನೆಯಲ್ಲಾಗಲಿ ವಾಹನದಲ್ಲಾಗಲಿ ಮಂಜುಗಡ್ಡೆ, ಒದ್ದೆ ಬಟ್ಟೆಗಳಿಂದ ಶಿಶುವನ್ನು ತಣ್ಣಗೆ ಮಾಡುವುದು ಅಪಾಯಕರವೆಂಬುದನ್ನು ಹೇಳಲೇಬೇಕು.

ಔಷಧಗಳ ವಿಷಯ ಇನ್ನೂ ನಿರಾಶಾದಾಯಕ. ಸೆಳವಿಗೆ ಕೊಡುವ ಫಿನೋಬಾರ್ಬಿಟೋನ್ ಹಳೆಯ, ಅಗ್ಗದ ಮದ್ದು. ಕ್ಸೆನಾನ್ ಅನಿಲದ ಪ್ರಯೋಗವು 2016ರಲ್ಲಿಯೂ, ತಂಪಿನೊಡನೆ ಎರಿತ್ರೊಪೊಯೆಟಿನ್ ಚುಚ್ಚುಮದ್ದು ನೀಡಿದ ದೊಡ್ಡ ಪ್ರಯೋಗವು 2022ರಲ್ಲಿಯೂ ಫಲಕಾರಿಯಾಗಲಿಲ್ಲವೆಂದು ವರದಿಯಾಯಿತು. ಇಂತಹ ಬರಿದಾದ ಜಾಗದಲ್ಲಿ ಆಸೆಯ ವ್ಯಾಪಾರ ಬೆಳೆಯುತ್ತದೆ. ಮಿದುಳಿನ ಪಾರ್ಶ್ವವಾಯುವಿಗೆ ಆಕರಕೋಶ ಚಿಕಿತ್ಸೆಯೆಂದು ಲಕ್ಷಗಟ್ಟಲೆ ಹಣ ಪಡೆಯುವವರು ಮಹಾನಗರಗಳಲ್ಲಿ ಕಾಣಿಸಿಕೊಂಡದ್ದುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು, ಕೆಲವು ರಕ್ತಸಂಬಂಧಿ ರೋಗಗಳಂತಹ ಅಂಗೀಕೃತ ಸಂದರ್ಭಗಳನ್ನು ಬಿಟ್ಟರೆ ಆಕರಕೋಶಗಳ ಬಳಕೆಯು ಸಂಶೋಧನೆಗೆ ಸೀಮಿತವೆಂದು ಸಾರಿದೆ. ಸಂಶೋಧನೆಯಲ್ಲಿ ಭಾಗವಹಿಸುವವರಿಂದ ಚಿಕಿತ್ಸೆಯ ಶುಲ್ಕ ಕೇಳಿದರೆ ತಾಯಿತಂದೆಯರು ಸಂಶಯಪಡುವುದು ನ್ಯಾಯವೇ.

ಹುಟ್ಟಿದ ಮೊದಲ ನಿಮಿಷದಲ್ಲಿ ಬಳಸುವ, ಕೈಯಿಂದ ಒತ್ತುವ ಉಸಿರಾಟದ ಚೀಲ ಮತ್ತು ಮುಖವಾಡಕ್ಕೆ ಇಷ್ಟೊಂದು ಜಾಹೀರಾತಿಲ್ಲ. ದಿನ ತುಂಬಿದ ಶಿಶುವಿಗೆ ಇದನ್ನು ಶುದ್ಧ ಆಮ್ಲಜನಕದಿಂದಲ್ಲ, ಕೋಣೆಯ ಗಾಳಿಯಿಂದಲೇ ಆರಂಭಿಸಬಹುದೆಂಬ ತಿಳಿವಳಿಕೆಗೆ ದೆಹಲಿಯ ಸಿದ್ಧಾರ್ಥ ರಾಮ್‌ಜಿ ಮತ್ತು ನಾರ್ವೆಯ ಸಾಗ್‌ಸ್ಟಾಡ್ ಅವರು 1993ರಲ್ಲಿ ಪ್ರಕಟಿಸಿದ ಅಧ್ಯಯನವೂ ಆಧಾರವಾಯಿತು. ಅದನ್ನು ಬಳಸಬಲ್ಲ ದಾದಿಯು ಹೆರಿಗೆ ಕೋಣೆಯಲ್ಲಿ ಇರಬೇಕೆಂಬ ಉದ್ದೇಶದಿಂದ ಕೇಂದ್ರ ಸರ್ಕಾರವು 2009ರಲ್ಲಿ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮವನ್ನು ಆರಂಭಿಸಿತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದನ್ವಯ ಅಸ್ವಸ್ಥ ಶಿಶುವಿಗೆ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಚಿಕಿತ್ಸೆ, ಔಷಧ, ಪರೀಕ್ಷೆ ಮತ್ತು ಸಾಗಣೆ ಉಚಿತ. ಬೆಳವಣಿಗೆಯ ವಿಳಂಬವನ್ನು ಬೇಗನೆ ಗುರುತಿಸಿ ವ್ಯಾಯಾಮ ಹಾಗೂ ತರಬೇತಿ ನೀಡುವ ಕೇಂದ್ರಗಳನ್ನು 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಸ್ಥಾಪಿಸಲಾಗಿದೆ.

ತವರಿನಲ್ಲಿ ಹೆರಿಗೆಯಾಗಿ ಮುಂಬೈಗೋ ಪುಣೆಗೋ ಹಿಂದಿರುಗುವ ತಾಯಂದಿರು ಬಹಳ ಮಂದಿ. ಶಿಶುವು ಎಷ್ಟು ಹೊತ್ತಿಗೆ ಅತ್ತಿತು, 1 ಮತ್ತು 5 ನಿಮಿಷಗಳ ಅಪ್ಗಾರ್ ಅಂಕಗಳೆಷ್ಟು, ಸೆಳವು ಬಂದಿತ್ತೇ ಎಂಬುದನ್ನು ಬಿಡುಗಡೆ ಪತ್ರದಲ್ಲಿ ಬರೆಯಿಸಿಕೊಂಡು ಬಂದರೆ, ಹೊಸ ಊರಿನ ಮಕ್ಕಳ ವೈದ್ಯರು ಮೊದಲ ಭೇಟಿಯಲ್ಲಿಯೇ ಏನನ್ನು ಗಮನಿಸಬೇಕೆಂದು ತಿಳಿಯುತ್ತಾರೆ.